ಮನೆಗೆ ನಾಯಿಮರಿ ಬಂದಿದೆ, ಬಾತ್‌ರೂಮ್ ಎಷ್ಟು ಸೇಫ್? ಪಶುವೈದ್ಯೆಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ದಾವಣಗೆರೆಯ ಸದಸ್ಯೆ):
ನಮಸ್ಕಾರ ಮೇಡಂ. ಮಗಳ ಹಟಕ್ಕೆ ಮನೆಗೆ ಲ್ಯಾಬ್ರಡಾರ್ ಮರಿ ಬಂದಿದೆ. ಎರಡು ತಿಂಗಳ ಗಂಡು ಮರಿ. ರಾತ್ರಿ ಕಂಡ ಕಂಡಲ್ಲಿ ಉಚ್ಚೆ ಮಾಡುತ್ತದೆ. ಬಾತ್‌ರೂಮಿನಲ್ಲಿ ಬಿಟ್ಟು ಬಾಗಿಲು ಹಾಕೋಣ, ಬೆಳಿಗ್ಗೆ ನೀರು ಹಾಕಿ ತೊಳೆದರಾಯಿತು ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ನನಗೆ ಯಾಕೋ ಭಯ. ಬಕೆಟ್, ಹೀಟರ್ ಕಾಯಿಲ್, ವಾಷಿಂಗ್ ಮಷಿನ್, ಫಿನಾಯಿಲ್ ಎಲ್ಲ ಅಲ್ಲೇ ಇವೆ. ಏನೇನು ತೆಗೆಯಬೇಕು? ಮರಿ ಸೋಪು ನೆಕ್ಕುತ್ತಾ ಇರುತ್ತದೆ, ಅದರಿಂದ ತೊಂದರೆ ಇದೆಯಾ?

ಉತ್ತರ (ಡಾಕ್ಟರ್):
ಸೋಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಕೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಮೊದಲ ಭಯ ಬಕೆಟ್‌ನದ್ದೇ. ಮರಿ ಅಂಚಿನ ಮೇಲೆ ಮುಂಗಾಲಿಟ್ಟು ಇಣುಕುತ್ತದೆ. ಎರಡು ತಿಂಗಳ ಲ್ಯಾಬ್ ಮರಿಯ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಆಯ ತಪ್ಪಿದರೆ ತಲೆ ಕೆಳಗಾಗಿ ಬೀಳುತ್ತದೆ. ಒಳಗೆ ತಿರುಗಲು ಜಾಗ ಇರುವುದಿಲ್ಲ, ಪ್ಲಾಸ್ಟಿಕ್ ಜಾರುತ್ತದೆ, ಹಿಂದಕ್ಕೆ ಬರಲು ಆಗುವುದಿಲ್ಲ. ಬಕೆಟ್ ತುಂಬಿರಬೇಕು ಅಂತಲೂ ಇಲ್ಲ, ಮೂಗು ಮುಳುಗುವಷ್ಟು ನೀರಿದ್ದರೆ ಸಾಕು. ಸ್ನಾನ ಮುಗಿದ ಮೇಲೆ ಬಕೆಟ್ ಬೋರಲು ಹಾಕಿಡಿ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ತುಂಬಿಸಿಡಲೇಬೇಕು, ಗೊತ್ತು. ಹಾಗಿದ್ದರೆ ಮುಚ್ಚಳ ಬಿಗಿಯಾಗಿ ಕೂರುವ ಡ್ರಮ್ ಇಟ್ಟುಕೊಳ್ಳಿ. ಮೇಲೆ ತಟ್ಟೆ ಮುಚ್ಚಿದರೆ ಸಾಲದು, ಅದನ್ನು ಮರಿ ಬೀಳಿಸುತ್ತದೆ.

ಎರಡನೆಯದು ಹೀಟರ್ ಕಾಯಿಲ್. ನೀರು ಕಾಯಲು ಇಟ್ಟು ನಾವು ಅಡುಗೆಮನೆಗೆ ಹೋಗುತ್ತೇವೆ. ವೈರು ಕೆಳಗೆ ನೇತಾಡುತ್ತಿರುತ್ತದೆ. ಮರಿ ವೈರು ಎಳೆದರೆ ಕಾದ ನೀರು ಮೈಮೇಲೆ, ಕಚ್ಚಿದರೆ ಕರೆಂಟು ಬಾಯಿಗೆ. ಮೂರನೇ ತಿಂಗಳ ಕೊನೆಯಿಂದ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ಆರು ತಿಂಗಳು ತುಂಬುವವರೆಗೂ ಒಸಡು ಕೆರೆಯುತ್ತದೆ, ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಕಾಯಿಲ್ ಹಾಕಿದಾಗ ಬಾಗಿಲು ಹಾಕಿರಲಿ. ಕೆಲಸ ಆದ ಮೇಲೆ ಪ್ಲಗ್ ಕಿತ್ತು ಎತ್ತರದಲ್ಲಿ ನೇತುಹಾಕಿ. ವಾಷಿಂಗ್ ಮಷಿನ್ನಿನ ವೈರಿಗೂ ಇದೇ ಮಾತು. ನಿಮ್ಮದು ಮುಂದಿನಿಂದ ಬಟ್ಟೆ ಹಾಕುವ ಮಷಿನ್ ಆದರೆ ಒಳಗೆ ಕೈಯಾಡಿಸಿ ನೋಡದೆ ಆನ್ ಮಾಡಬೇಡಿ. ಮರಿಗಳಿಗೆ ಬಟ್ಟೆರಾಶಿಯಲ್ಲಿ ಮಲಗುವುದು ಬಲು ಇಷ್ಟ.

ಇನ್ನು ಫಿನಾಯಿಲ್. ಬಾಟಲಿ ಮೇಲೆ ಎತ್ತಿಟ್ಟಿದ್ದೇನೆ, ಇನ್ನೇನು ಅಂತ ಜನ ಸುಮ್ಮನಾಗುತ್ತಾರೆ. ತೊಂದರೆ ಬರುವುದು ನೆಲದಿಂದ. ಒರೆಸಿದ ಹಸಿ ನೆಲದ ಮೇಲೆ ಮರಿ ಓಡಾಡುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಬಾಯಿ, ನಾಲಿಗೆ, ಪಾದದ ಚರ್ಮ ಸುಡುತ್ತವೆ. ಹೊಟ್ಟೆಗೆ ಜಾಸ್ತಿ ಹೋದರೆ ಲಿವರಿಗೂ ಪೆಟ್ಟು. ಬಿಳಿ ಫಿನಾಯಿಲ್‌ನಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ ಇರುತ್ತದೆ, ಅದೂ ಒಳ್ಳೆಯದಲ್ಲ. ಕಮೋಡ್ ತೊಳೆಯುವ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುವವೇ ಹೆಚ್ಚು. ಯಾವುದರಿಂದ ತೊಳೆದರೂ ಕೊನೆಗೆ ಬರೀ ನೀರು ಧಾರಾಳವಾಗಿ ಸುರಿದು, ನೆಲ ಪೂರ್ತಿ ಒಣಗಿದ ಮೇಲೆಯೇ ಮರಿಯನ್ನು ಬಿಡಿ. ಮರಿ ಉಚ್ಚೆ ಮಾಡಿದ ಜಾಗಕ್ಕೆ ನೇರವಾಗಿ ಬ್ಲೀಚ್ ಸುರಿಯಬೇಡಿ. ಉಚ್ಚೆಯ ಅಮೋನಿಯಾ ಜೊತೆ ಅದು ಸೇರಿದರೆ ಕಣ್ಣು ಗಂಟಲು ಉರಿಸುವ ಗಾಳಿ ಏಳುತ್ತದೆ. ಬ್ಲೀಚ್ ಮತ್ತು ಆಸಿಡ್ ಅಂತೂ ಒಟ್ಟಿಗೆ ಬೇಡವೇ ಬೇಡ, ಅದರಿಂದ ಕ್ಲೋರಿನ್ ಬರುತ್ತದೆ. ಅದು ನಿಮಗೂ ಅಪಾಯ.

ಸೋಪು ನೆಕ್ಕಿದರೆ ಬಾಯಲ್ಲಿ ನೊರೆ, ಒಂದೆರಡು ವಾಂತಿ. ಅಷ್ಟೇ. ಸಣ್ಣ ಮರಿ ದೊಡ್ಡ ತುಂಡು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳಬಹುದು, ಆಗ ತೋರಿಸಿ. ಅದಕ್ಕಿಂತ ಕಸದ ಬುಟ್ಟಿಗೆ ಮುಚ್ಚಳ ಹಾಕಿಸಿ. ಬ್ಲೇಡು, ಬಳಸಿದ ಪ್ಯಾಡು, ಉದುರಿದ ಕೂದಲಿನ ಉಂಡೆ, ರಬ್ಬರ್ ಬ್ಯಾಂಡು ನುಂಗಿ ಆಪರೇಷನ್ನಿಗೆ ಬರುವ ಮರಿಗಳು ಕಮ್ಮಿಯೇನಲ್ಲ.

ರಾತ್ರಿ ಅಲ್ಲಿ ಕೂಡಿಹಾಕುವ ವಿಷಯ. ಬೇಡ. ಇದನ್ನು ನಿಮ್ಮ ಯಜಮಾನರಿಗೆ ನನ್ನ ಹೆಸರಲ್ಲೇ ಹೇಳಿ. ಎಲ್ಲ ಸಾಮಾನು ತೆಗೆದರೂ ಒದ್ದೆ ಟೈಲ್ಸ್ ಮೇಲೆ ಮಲಗಿದ ಮರಿಯ ಮೈ ತಣ್ಣಗಾಗುತ್ತದೆ. ಒಂಟಿಯಾಗಿ ಬಿಟ್ಟರೆ ರಾತ್ರಿಯಿಡೀ ಅಳುತ್ತದೆ, ಬಾಗಿಲು ಪರಚುತ್ತದೆ. ಆಮೇಲೆ ಸ್ನಾನಕ್ಕೆ ಕರೆದರೂ ಬಾತ್‌ರೂಮಿಗೆ ಬರುವುದಿಲ್ಲ.

ಸದಸ್ಯ (ಮಂಗಳೂರು):
ಮೇಡಂ, ಜಿರಲೆ ಬಾರದಿರಲಿ ಅಂತ ನಾವು ಜಾಲರಿ ಮೇಲೆ ನುಸಿ ಗುಳಿಗೆ ಇಡುತ್ತೇವೆ. ಅಷ್ಟು ಗಾಟು ವಾಸನೆಗೆ ನಾಯಿ ಹತ್ತಿರ ಹೋಗುತ್ತದಾ?

ಡಾಕ್ಟರ್:
ದೊಡ್ಡ ನಾಯಿ ಹೋಗದಿರಬಹುದು. ಮರಿಗೆ ಅದು ಉರುಳುವ ಬಿಳಿ ಚೆಂಡು. ಇವತ್ತೇ ತೆಗೆದುಬಿಡಿ ಸರ್. ನ್ಯಾಫ್ತಲೀನ್ ಗುಳಿಗೆ ಹೊಟ್ಟೆಗೆ ಹೋದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಮೋಸ ಏನೆಂದರೆ, ಮೊದಲ ದಿನ ಒಂದು ವಾಂತಿ ಆಗಿ ಮರಿ ಚೆನ್ನಾಗಿಯೇ ಇರುತ್ತದೆ. ರಕ್ತ ಕಡಿಮೆಯಾದದ್ದು ಕೆಲವು ದಿನ ಬಿಟ್ಟು ಗೊತ್ತಾಗುತ್ತದೆ. ಒಸಡು ಬಿಳಿಚಿಕೊಳ್ಳುತ್ತದೆ, ಉಚ್ಚೆ ಕಂದು ಬಣ್ಣಕ್ಕೆ ತಿರುಗುತ್ತದೆ. ನುಂಗಿದ್ದು ಕಂಡರೆ ಕಾಯಬೇಡಿ, ತಕ್ಷಣ ಹೋಗಿ. ಅದರ ಬದಲು ಕರ್ಪೂರ ಇಡೋಣ ಅಂತ ಇನ್ನೊಬ್ಬರು ಕೇಳುವ ಮೊದಲೇ ಹೇಳುತ್ತೇನೆ: ಕರ್ಪೂರವೂ ವಿಷ, ಫಿಟ್ಸ್ ಬರಿಸುತ್ತದೆ. ಜಿರಲೆಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿ, ಅಲುಗಾಡದಂತೆ ಸಿಮೆಂಟಿನಲ್ಲಿ ಕೂರಿಸಿ. ಸಡಿಲ ಜಾಲರಿಗೆ ಮರಿಯ ಕಾಲುಗುರು ಸಿಕ್ಕಿಕೊಳ್ಳುವುದೂ ತಪ್ಪುತ್ತದೆ.

ಸದಸ್ಯೆ (ಬೆಂಗಳೂರು):
ನಮ್ಮದು ಫ್ಲ್ಯಾಟು. ಮರಿ ಕಮೋಡ್ ನೀರು ಕುಡಿಯುತ್ತದೆ. ಮೊನ್ನೆ ಟೂತ್‌ಪೇಸ್ಟ್ ಟ್ಯೂಬನ್ನೂ ಕಚ್ಚಿತ್ತು.

ಡಾಕ್ಟರ್:
ಕಮೋಡ್ ಮುಚ್ಚಳ ಹಾಕುವುದನ್ನು ಮನೆಯ ಗಂಡಸರಿಗೂ ಕಲಿಸಿ, ಅದು ಮರಿಗೆ ಕಲಿಸುವುದಕ್ಕಿಂತ ಕಷ್ಟ. ಫ್ಲಶ್ ಟ್ಯಾಂಕಿಗೆ ಹಾಕುವ ನೀಲಿ ಗುಳಿಗೆ ಇದ್ದರೆ ತೆಗೆದುಬಿಡಿ.

ಪೇಸ್ಟ್ ವಿಷಯ ಮುಖ್ಯ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಸೈಲಿಟಾಲ್ ಅಂತ ಇದೆಯಾ ನೋಡಿ. ಕೆಲವು ಪೇಸ್ಟ್, ಮೌತ್‌ವಾಶ್‌ಗಳಲ್ಲಿ ಸಿಹಿಗೆ ಅದನ್ನು ಹಾಕುತ್ತಾರೆ. ನಮಗೆ ಏನೂ ಆಗುವುದಿಲ್ಲ. ನಾಯಿಯ ಮೈಯಲ್ಲಿ ಅದು ಇನ್ಸುಲಿನ್ ಒಮ್ಮೆಲೇ ಹೊರಡಿಸುತ್ತದೆ, ಶುಗರ್ ಇಳಿದುಬಿಡುತ್ತದೆ. ಅರ್ಧ ಗಂಟೆಯಲ್ಲೇ ತೂರಾಡಬಹುದು. ಕಿಲೋ ತೂಕಕ್ಕೆ 0.1 ಗ್ರಾಂ ಸಾಕು. ಅಂದರೆ 4 ಕಿಲೋ ಮರಿಗೆ ಅರ್ಧ ಗ್ರಾಂ ಕೂಡ ಬೇಡ. ಸಾರ್ಬಿಟಾಲ್ ಅಂತ ಇದ್ದರೆ ಇಷ್ಟು ಗಾಬರಿ ಬೇಡ, ಅದು ಬೇರೆ. ಹಾಗಂತ ಫ್ಲೋರೈಡ್ ಪೇಸ್ಟ್ ತಿನ್ನಿಸುವಂಥದ್ದೂ ಅಲ್ಲ. ಕನ್ನಡಿ ಹಿಂದಿನ ಕಪಾಟಿನಲ್ಲಿ ಪೇಸ್ಟ್ ಇಡಿ. ನೋವಿನ ಮಾತ್ರೆ ಇದ್ದರೆ ಅದನ್ನೂ ಅಲ್ಲೇ ಇಟ್ಟು ಬಾಗಿಲು ಹಾಕಿ.

ಸದಸ್ಯ (ಹಾಸನ):
ಏನಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಆಯ್ತು. ನಮ್ಮ ತೋಟದ ನಾಯಿಗಳಿಗೆ ಯಾವಾಗಲೂ ಹಾಗೇ ಮಾಡೋದು.

ಡಾಕ್ಟರ್:
ಸರ್, ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಆಸಿಡ್, ಫಿನಾಯಿಲ್ ಒಳಗೆ ಹೋಗುವಾಗ ಗಂಟಲು ಒಮ್ಮೆ ಸುಟ್ಟಿರುತ್ತದೆ. ವಾಂತಿಯಲ್ಲಿ ಹೊರಬರುವಾಗ ಇನ್ನೊಮ್ಮೆ ಸುಡುತ್ತದೆ. ಪೈನ್ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಉಪ್ಪು ಬೇರೆ ಕಾಟ. ಸಣ್ಣ ಮರಿಯ ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೆ ತೊಂದರೆ, ಫಿಟ್ಸ್ ಬರುತ್ತದೆ. ನೀವು ಮಾಡಬೇಕಾದ್ದು ಇಷ್ಟು. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಪಾದ ಮತ್ತು ಮೈ ಬರೀ ನೀರಲ್ಲಿ ತೊಳೆಯಿರಿ. ಬಾಟಲಿಯನ್ನೇ ಎತ್ತಿಕೊಂಡು ಡಾಕ್ಟರ ಹತ್ತಿರ ಹೊರಡಿ. ಒಳಗೇನಿತ್ತು ಎಂದು ನಾವು ಊಹಿಸುತ್ತಾ ಕೂತರೆ ಸಮಯ ಹೋಗುತ್ತದೆ. ನಿಮ್ಮೂರಲ್ಲಿ ರಾತ್ರಿ ಯಾವ ಕ್ಲಿನಿಕ್ ತೆರೆದಿರುತ್ತದೆ ಎಂದು ಈಗಲೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ದಾವಣಗೆರೆಯ ಸದಸ್ಯೆ, ಮತ್ತೆ):
ಮೇಡಂ, ಯಜಮಾನರಿಗೆ ಓದಿ ಹೇಳಿದೆ. ಹಾಗಾದರೆ ರಾತ್ರಿ ಎಲ್ಲಿ ಮಲಗಿಸೋದು, ಉಚ್ಚೆಗೆ ಏನು ಮಾಡೋದು ಅಂತ ಕೇಳುತ್ತಿದ್ದಾರೆ. ಡೆಟಾಲ್ ಹಾಕಿ ಸ್ನಾನ ಮಾಡಿಸಬಹುದಾ ಅಂತಲೂ ಕೇಳಿದರು.

ಡಾಕ್ಟರ್:
ನಿಮ್ಮ ಮಂಚದ ಪಕ್ಕ ಒಂದು ಗಟ್ಟಿ ರಟ್ಟಿನ ಡಬ್ಬಿ, ಒಳಗೆ ಹಳೆಯ ಸೀರೆ ಮಡಚಿ ಹಾಕಿ. ಎರಡು ತಿಂಗಳ ಮರಿ ಮೂರು ಗಂಟೆಗಿಂತ ಜಾಸ್ತಿ ತಡೆಯಲಾರದು. ರಾತ್ರಿ ಒಂದೆರಡು ಸಲ ಎದ್ದು ಕರೆದುಕೊಂಡು ಹೋಗಬೇಕು, ಬೇರೆ ದಾರಿ ಇಲ್ಲ. ಲಸಿಕೆಗಳು ಮುಗಿಯುವವರೆಗೆ ಬೀದಿಗೆ ಇಳಿಸುವಂತಿಲ್ಲ. ಹಾಗಾಗಿ ಬಾತ್‌ರೂಮಿನಲ್ಲಿ ನೀರು ಹೋಗುವ ಮೂಲೆಯನ್ನೇ ಅಭ್ಯಾಸ ಮಾಡಿಸಿದರೆ ತಪ್ಪೇನಿಲ್ಲ. ನಿದ್ದೆಯಿಂದ ಎದ್ದಾಗ, ಊಟ ಆದಾಗ, ಆಟ ಆದಾಗ ಅಲ್ಲಿಗೆ ಕರೆದೊಯ್ಯಿರಿ. ನೀವೂ ಜೊತೆಗೆ ನಿಲ್ಲಿ, ಆದ ಮೇಲೆ ಹೊರಗೆ ಕರೆದುಕೊಂಡು ಬನ್ನಿ. ಹೋಗುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಬೆಳೆಯುವ ಲ್ಯಾಬ್ ಮರಿಗೆ ಜಾರುವ ಟೈಲ್ಸ್ ಒಳ್ಳೆಯದಲ್ಲ, ಸೊಂಟದ ಕೀಲಿನ ತೊಂದರೆ ಆ ಜಾತಿಗೆ ಮೊದಲೇ ಜಾಸ್ತಿ.

ಡೆಟಾಲ್ ಬೇಡ. ನೆಕ್ಕಿದರೆ ಬಾಯಿ ಸುಡುತ್ತದೆ, ಚರ್ಮವೂ ಒಣಗುತ್ತದೆ. ಸದ್ಯಕ್ಕೆ ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಹಿಂಡಿ ಮೈ ಒರೆಸಿ, ಟವೆಲ್‌ನಿಂದ ಒಣಗಿಸಿ. ಸ್ನಾನದ ವಿಷಯ ಮುಂದಿನ ಲಸಿಕೆಗೆ ಹೋದಾಗ ನಿಮ್ಮ ಡಾಕ್ಟರ ಹತ್ತಿರ ಕೇಳಿ. ಹೋಗುವಾಗ ಆ ಹೀಟರ್ ಕಾಯಿಲ್ ಪ್ಲಗ್ ಕಿತ್ತಿದ್ದೀರಾ ನೋಡಿಕೊಂಡೇ ಹೊರಡಿ.