ಕ್ಯಾಂಟನೀಸ್‌ನ ‘ಮೋ ತಾಯ್ ಮೋ ಸೈ’ ಎಷ್ಟು ಕಟುವಾದ ಮಾತು?

ಪ್ರಶ್ನೆ (ವಿಜಯಪುರ):
ನನ್ನ ತಮ್ಮ ಹಾಂಗ್‌ಕಾಂಗ್‌ನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವಾರ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ, ಆ ಮನೆಯ ಹುಡುಗ ಅಜ್ಜಿಯನ್ನು ಊಟಕ್ಕೆ ಕರೆಯದೆಯೇ ಮೀನಿನ ತಟ್ಟೆಗೆ ಚಾಪ್‌ಸ್ಟಿಕ್ ಚಾಚಿದ್ದಕ್ಕೆ ಅಜ್ಜಿ ಅಲ್ಲಿನ ಚೀನೀ ಮಾತಾದ ಕ್ಯಾಂಟನೀಸ್‌ನಲ್ಲಿ ‘ಮೋ ತಾಯ್ ಮೋ ಸೈ’ ಎಂದು ಗದರಿದರಂತೆ. ಇದರ ಅರ್ಥವೇನು, ಹೊರಗಿನವರು ಇಂಥ ಮಾತನ್ನು ಬಳಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಳಗಾವಿ):
‘ಮೋ’ ಎಂದರೆ ಇಲ್ಲ, ‘ತಾಯ್’ ದೊಡ್ಡದು, ‘ಸೈ’ ಸಣ್ಣದು. ‘ದೊಡ್ಡವರು ಸಣ್ಣವರು ಅನ್ನೂ ಖಬರಿಲ್ಲ’ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಬೈಯುವುದಕ್ಕೆ ಇದು ಸರಿಸಾಟಿ. ಊಟಕ್ಕೆ ಕೂತಾಗ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಸಂಬಂಧ ಹೇಳಿ ಕರೆದ ಮೇಲೆಯೇ ಕಿರಿಯರು ತಿನ್ನತೊಡಗುವುದು ಅಲ್ಲಿನ ಹಳೆಯ ಪದ್ಧತಿಯಾದ್ದರಿಂದ, ಅಜ್ಜಿ ಸಿಟ್ಟಾದದ್ದು ಸಹಜ. ಇದಕ್ಕಿಂತ ಮೆತ್ತಗಿನ ಮಾತು ‘ಮೋ ಲೈ ಮಾವ್’, ಅಂದರೆ ಸೌಜನ್ಯವಿಲ್ಲ. ನಿಜವಾಗಿ ಇರಿಯುವ ಮಾತು ‘ಮೋ ಕಾ ಕಾವ್’. ‘ಕಾ’ ಎಂದರೆ ಮನೆ, ‘ಕಾವ್’ ಎಂದರೆ ಕಲಿಸುವುದು; ನಮ್ಮಲ್ಲಿ ‘ಮನ್ಯಾಗ ಇದನ್ನ ಕಲಿಸ್ಯಾರೇನು?’ ಎಂದಾಗ ಏಟು ಮಗುವಿಗಿಂತ ತಂದೆತಾಯಿಗೆ ಹೇಗೆ ಬೀಳುತ್ತದೆಯೋ ಅಲ್ಲಿಯೂ ಹಾಗೆಯೇ. ಆದ್ದರಿಂದ ನಿಮ್ಮ ತಮ್ಮ ಈ ಮೂರನ್ನೂ ಕೇಳಿ ತಿಳಿದುಕೊಳ್ಳಲಿ, ಆದರೆ ಯಾರ ಮೇಲೂ ಆಡದಿರಲಿ. ‘ಮೋ’ವನ್ನು ಬರೆಯುವ ಬಗೆಯೂ ಚೆಂದ: ‘ಇದೆ’ ಎಂಬ ಅಕ್ಷರದ ಒಳಗಿನ ಎರಡು ಅಡ್ಡಗೆರೆಗಳನ್ನು ತೆಗೆದರೆ ‘ಇಲ್ಲ’ ಆಗುತ್ತದೆ.

ಉತ್ತರ (ಬಾಗಲಕೋಟೆ):
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ‘ಛೌ’ ಎಂಬ ಪದಕ್ಕೆ ಕುರೂಪ ಎಂಬ ಅರ್ಥವೂ ನಾಚಿಕೆ ಎಂಬ ಅರ್ಥವೂ ಇದೆ. ‘ಫಾ ಛೌ’ ಎಂದರೆ ಸಂಕೋಚದ ಸ್ವಭಾವ, ‘ಮ್ ಚೀ ಛೌ’ ಎಂದರೆ ನಾಚಿಕೆಯನ್ನೇ ಅರಿಯದವನು. ಕನ್ನಡದಲ್ಲಿಯೂ ನಾಚಿಕೆಯ ಹುಡುಗಿ, ನಾಚಿಕೆಗೇಡಿ ಎರಡಕ್ಕೂ ಬೇರು ಒಂದೇ ಅಲ್ಲವೇ? ಉಚ್ಚಾರಣೆಯಲ್ಲಿ ನಮ್ಮ ಲಿಪಿ ನೆರವಿಗೆ ಬರುತ್ತದೆ. ರೋಮನ್ ಬರಹದ ‘ಡಿ’, ‘ಜಿ’ಗಳು ಅಲ್ಲಿ ದ, ಗ ಅಲ್ಲ, ಹೆಚ್ಚುಕಡಿಮೆ ನಮ್ಮ ತ, ಕ, ‘ಟಿ’, ‘ಕೆ’ಗಳು ಮಹಾಪ್ರಾಣದ ಥ, ಖ. ದನಿಯ ಆರು ಬಗೆಯ ಏರಿಳಿತವನ್ನು ಮಾತ್ರ ಕಿವಿಯಿಂದಲೇ ಕಲಿಯಬೇಕು.

ಪ್ರಶ್ನೆ ಕೇಳಿದವರು (ವಿಜಯಪುರ):
ಇಬ್ಬರಿಗೂ ಧನ್ಯವಾದಗಳು. ಅಜ್ಜಿಯನ್ನು ಊಟಕ್ಕೆ ಕರೆಯುವ ಮಾತನ್ನು ಮೊದಲು ಕಲಿಯುವಂತೆ ತಮ್ಮನಿಗೆ ಇಂದೇ ಹೇಳುತ್ತೇನೆ.