ಗೋಡೆಗೆ ಸ್ವಾಧೀನ ನೋಟಿಸ್ ಅಂಟಿಸಿದ್ದಾರೆ: ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಸಿಗುತ್ತದೆಯೇ?

ಪ್ರಶ್ನೆ

ನಾನೂ ನನ್ನ ಪತ್ನಿಯೂ ಜಂಟಿಯಾಗಿ ಗೃಹಸಾಲ ಪಡೆದು, ಅದಕ್ಕೆ ವಾಸದ ಮನೆಯನ್ನೇ ಅಡಮಾನ ಇಟ್ಟಿದ್ದೇವೆ. ನನ್ನ ಅಣ್ಣ ಜಾಮೀನು ನಿಂತಿದ್ದಾರೆ. ಶಸ್ತ್ರಚಿಕಿತ್ಸೆಯಾಗಿ ನಾನು ದುಡಿಮೆಯಿಲ್ಲದೆ ಕುಳಿತ ಕಾಲದಲ್ಲಿ ಏಳು ಕಂತುಗಳು ಬಾಕಿ ಬಿದ್ದವು. ಆಮೇಲೆ ಸರ್ಫೇಸಿ ಕಾಯ್ದೆಯ (ಅಡಮಾನದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 13(2)ನೇ ಕಲಂ ಪ್ರಕಾರ, 60 ದಿನಗಳೊಳಗೆ ಪೂರ್ತಿ ಸಾಲ ತೀರಿಸಬೇಕೆಂಬ ನೋಟಿಸ್ ಬಂತು. ಶಾಖೆಯಲ್ಲಿ ವಿಚಾರಿಸಿದಾಗ ಕೈಲಾದಷ್ಟು ಕಟ್ಟುತ್ತಾ ಬನ್ನಿ ಎಂದರು. ಆ ಮಾತನ್ನು ನಂಬಿ ಮೂರು ಕಂತು ಕಟ್ಟಿದೆವು, ರಸೀದಿಗಳಿವೆ. ಆದರೆ ನೋಟಿಸಿಗೆ ಲಿಖಿತ ಉತ್ತರ ಕೊಡಲಿಲ್ಲ. 18 ದಿನಗಳ ಹಿಂದೆ ಇಬ್ಬರು ಬಂದು ಗೇಟಿನ ಪಕ್ಕದ ಗೋಡೆಗೆ ಸ್ವಾಧೀನ ನೋಟಿಸ್ ಅಂಟಿಸಿ, ಅದರ ಫೋಟೋ ತೆಗೆದುಕೊಂಡು ಹೋದರು. ನಾವಿನ್ನೂ ಅದೇ ಮನೆಯಲ್ಲಿದ್ದೇವೆ.

ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆ ತರಬಹುದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕಾದರೆ ಬಾಕಿಯ ಮುಕ್ಕಾಲು ಪಾಲನ್ನು ಮೊದಲೇ ಠೇವಣಿ ಇಡಬೇಕು ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾವುದು ನಿಜ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಎರಡೂ ಸರಿಯಲ್ಲ. ಸಿವಿಲ್ ದಾವೆಯ ಆಲೋಚನೆಯನ್ನು ಇಂದೇ ಕೈಬಿಡಿ. ಈ ಕಾಯ್ದೆಯ ಅಡಿ ಬ್ಯಾಂಕು ಕೈಗೊಂಡ ಕ್ರಮಕ್ಕೆ ತಡೆ ನೀಡುವ ಅಧಿಕಾರವನ್ನು 34ನೇ ಕಲಂ ಸಿವಿಲ್ ನ್ಯಾಯಾಲಯದಿಂದ ತೆಗೆದುಹಾಕಿದೆ. ವಂಚನೆಯಂತಹ ಬಹಳ ಇಕ್ಕಟ್ಟಾದ ವಿನಾಯಿತಿಗಳಿವೆ, ಆದರೆ ನೀವು ಬರೆದಿರುವುದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ನಿಮ್ಮ ದಾರಿ 17ನೇ ಕಲಂ ಅಡಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಅರ್ಜಿ ಸಲ್ಲಿಸುವುದು. ಅದಕ್ಕೆ ಇರುವ ಅವಧಿ 45 ದಿನ. ಇನ್ನೂ ಮನೆಯಲ್ಲೇ ಇದ್ದೇವಲ್ಲ, ಬೀಗ ಹಾಕಿದ ಮೇಲೆ ನೋಡೋಣ ಎಂದು ಕಾಯಬೇಡಿ. ಗೋಡೆಗೆ ಅಂಟಿಸಿದ ಸಾಂಕೇತಿಕ ಸ್ವಾಧೀನದ, ಅಂದರೆ ಮನೆ ಖಾಲಿ ಮಾಡಿಸದೆ ಕಾಗದದ ಮೇಲೆ ಮಾತ್ರ ವಶಕ್ಕೆ ಪಡೆದ, ನೋಟಿಸನ್ನೇ ಪ್ರಶ್ನಿಸಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹಿಂಡನ್ ಫೋರ್ಜ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ಲೆಕ್ಕದಲ್ಲಿ ನಿಮಗೆ ಉಳಿದಿರುವುದು 27 ದಿನ.

ಮುಕ್ಕಾಲು ಪಾಲು ಠೇವಣಿಯ ಮಾತು ಹಳೆಯದು. 2002ರ ಮೂಲ ಕಾಯ್ದೆಯಲ್ಲಿ ಶೇ 75ರ ಷರತ್ತು ಇತ್ತು. ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ, 2004ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಈಗ ಠೇವಣಿ ಕಡ್ಡಾಯವಾಗುವುದು ಮೇಲ್ಮನವಿಯ ಹಂತದಲ್ಲಿ: ಬಾಕಿಯ ಶೇ 50, ಮೇಲ್ಮನವಿ ಮಂಡಳಿ ಒಪ್ಪಿದರೆ ಶೇ 25ರವರೆಗೆ ಇಳಿಸಬಹುದು. ಆದರೆ ಡಿಆರ್‌ಟಿ ತಡೆಯಾಜ್ಞೆ ಕೊಡುವಾಗಲೂ ಇಂತಿಷ್ಟು ಹಣ ಕಟ್ಟಿ ಎಂದು ಷರತ್ತು ಹಾಕುವುದು ಸಾಮಾನ್ಯ. ಅದಕ್ಕೆ ಹಣ ಹೊಂದಿಸಿಕೊಂಡೇ ಹೋಗಿ.

ಉತ್ತರ 2

ನಾನು ಈ ದಾರಿಯಲ್ಲಿ ನಡೆದು ಬಂದವನು. ನನ್ನ ಪ್ರಕರಣದಲ್ಲಿ ಎಲ್ಲವೂ ನಿಂತದ್ದು ಒಂದು ಅಂಚೆ ಲಕೋಟೆಯ ಮೇಲೆ. ಹರಾಜಿನ ನೋಟಿಸಿನಲ್ಲಿ ತಿಂಗಳ 3ನೇ ತಾರೀಖು ಎಂದು ಬರೆದಿತ್ತು, ಲಕೋಟೆಯ ಮೇಲಿನ ಅಂಚೆ ಮುದ್ರೆ 11ನೇ ತಾರೀಖಿನದು, ಹರಾಜು ಮುಂದಿನ ತಿಂಗಳ 8ಕ್ಕೆ. ಮಾರಾಟಕ್ಕೆ ಮುನ್ನ ಸಾಲಗಾರನಿಗೆ 30 ದಿನಗಳ ನೋಟಿಸ್ ಕೊಡಬೇಕೆಂದು ಈ ಕಾಯ್ದೆಯ ಜಾರಿ ನಿಯಮಗಳ 8(6)ನೇ ನಿಯಮ ಹೇಳುತ್ತದೆ. ನನ್ನ ಹೆಂಡತಿ ಆ ಲಕೋಟೆಯನ್ನು ಎಸೆಯದೆ ನೋಟಿಸಿನ ಜೊತೆಗೇ ಮಡಚಿಟ್ಟಿದ್ದಳು. ಅದನ್ನು ಹಾಜರುಪಡಿಸಿದ ಮೇಲೆ ಹರಾಜು ರದ್ದಾಯಿತು.

ಮನೆ ಉಳಿಯಿತೇ ಎಂದು ಕೇಳಿದರೆ, ಇಲ್ಲ. ತಪ್ಪು ತಿದ್ದಿಕೊಂಡು ಬ್ಯಾಂಕು ಹೊಸ ನೋಟಿಸ್ ಕೊಡುವುದು ಖಚಿತವಿತ್ತು. ನನಗೆ ಸಿಕ್ಕದ್ದು ಕೆಲವು ತಿಂಗಳ ಕಾಲಾವಕಾಶ ಮಾತ್ರ. ಆ ಅವಧಿಯಲ್ಲಿ ನಾನೇ ಖರೀದಿದಾರರನ್ನು ಹುಡುಕಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮನೆ ಮಾರಿದೆ. 13(2)ರ ನೋಟಿಸ್ ಬಂದ ಮೇಲೆ ಆ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಹರಾಜಿನ ಮೀಸಲು ಬೆಲೆಗಿಂತ ಸಾಕಷ್ಟು ಹೆಚ್ಚು ಬಂತು. ಸಾಲ ತೀರಿ, ಮಕ್ಕಳ ಓದಿಗೆ ಒಂದಿಷ್ಟು ಉಳಿಯಿತು. ವಾದ ಗೆದ್ದ ಮಾತ್ರಕ್ಕೆ ಸಾಲ ಮನ್ನಾ ಆಗುವುದಿಲ್ಲ ಎಂಬುದನ್ನು ನನ್ನ ವಕೀಲರು ಮೊದಲ ದಿನವೇ ಹೇಳಿದ್ದರು. ಅವರಿಗೆ ನಾನು ಇಂದಿಗೂ ಋಣಿ.

ಉತ್ತರ 3

ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ದುಡಿದು ನಿವೃತ್ತನಾದವನ ಮಾತು ಎಂದು ಇದನ್ನು ಓದಿ. ಮೂರು ಕಂತು ಕಟ್ಟಿದ್ದರಿಂದ ನಿಮ್ಮ ಖಾತೆ ಸರಿಹೋಗಿಲ್ಲ. 90 ದಿನ ಮೀರಿ ಬಾಕಿ ಉಳಿದು ಒಮ್ಮೆ ಎನ್‌ಪಿಎ (ವಸೂಲಾಗದ ಸಾಲ) ಎಂದು ವರ್ಗೀಕರಣವಾದ ಖಾತೆ, ಬಾಕಿಯಾದ ಅಸಲು ಮತ್ತು ಬಡ್ಡಿ ಪೂರ್ತಿ ತೀರಿದ ಮೇಲೆಯೇ ಮೊದಲಿನ ಸ್ಥಿತಿಗೆ ಮರಳುತ್ತದೆ. ರಿಸರ್ವ್ ಬ್ಯಾಂಕ್ ಇದನ್ನು 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಆ ಮೂರರ ಬದಲು ಅಂದಿನ ಇಡೀ ಬಾಕಿಯನ್ನು ಒಮ್ಮೆಗೇ ಕಟ್ಟಿದ್ದರೆ ಚಿತ್ರವೇ ಬೇರೆ ಇರುತ್ತಿತ್ತು. ಕೌಂಟರಿನಲ್ಲಿ ಕುಳಿತವರು ನಿಮಗೆ ಇದನ್ನು ಹೇಳಬೇಕಿತ್ತು, ಹೇಳದಿದ್ದದ್ದು ತಪ್ಪು. ಆದರೆ ಬಾಯಿಮಾತಿನ ಭರವಸೆಯನ್ನು ನ್ಯಾಯಮಂಡಳಿಯಲ್ಲಿ ರುಜುವಾತು ಮಾಡುವುದು ಕಷ್ಟ. 60 ದಿನಗಳೊಳಗೆ ನೀವು ಲಿಖಿತ ಆಕ್ಷೇಪ ಸಲ್ಲಿಸಿದ್ದರೆ, 15 ದಿನಗಳಲ್ಲಿ ಕಾರಣಸಹಿತ ಉತ್ತರ ಕೊಡುವ ಹೊಣೆ ಬ್ಯಾಂಕಿನದಾಗುತ್ತಿತ್ತು.

ಈಗ ಮುಖ್ಯವಾದದ್ದು ಹರಾಜು ಪ್ರಕಟಣೆಯ ದಿನ. ಹಿಂದೆ ಮಾರಾಟ ನಡೆಯುವವರೆಗೂ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ಪ್ರಕಟಣೆಗೆ ಮುಂಚೆಯೇ ಮುಗಿಯುತ್ತದೆ. 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಸೆಟ್ಲ್‌ಮೆಂಟ್ ಪ್ರಸ್ತಾವವನ್ನು ಈ ವಾರವೇ ಲಿಖಿತವಾಗಿ ಸಲ್ಲಿಸಿ, ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ನಿಮ್ಮ ಅಣ್ಣನವರಿಗೂ ವಿಷಯ ತಿಳಿಸಿ. ಹರಾಜಿನ ಹಣ ಸಾಲದಿದ್ದರೆ ಉಳಿದ ಬಾಕಿಗೆ ಬ್ಯಾಂಕು ಜಾಮೀನುದಾರರನ್ನೂ ಕೇಳುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಮನಸಾರೆ ಕೃತಜ್ಞತೆಗಳು. ಅಣ್ಣನಿಗೆ ನಿನ್ನೆ ರಾತ್ರಿ ಎಲ್ಲವನ್ನೂ ಹೇಳಿದೆ. ಜಾಮೀನಿನ ವಿಷಯ ಕೇಳಿ ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ವಕೀಲರ ಬಳಿಗೆ ತಾವೂ ಬರುತ್ತೇನೆಂದರು. 13(2)ರ ನೋಟಿಸಿನ ಲಕೋಟೆ ಬೀರುವಿನಲ್ಲಿ ಸಿಕ್ಕಿದೆ. ಅಂಚೆ ಮುದ್ರೆ ಮಸುಕಾಗಿದ್ದರೂ ತಾರೀಖು ಓದಲು ಬರುತ್ತದೆ. ಸೋಮವಾರ ಡಿಆರ್‌ಟಿ ಅರ್ಜಿಗೆ ವಕಾಲತ್ತು ಸಹಿ ಮಾಡುತ್ತಿದ್ದೇವೆ.