ಬೆಳಿಗ್ಗೆ ಡಿ ಹಾಕಿದರೆ ಕಾರು ಕೂಡಲೇ ಕದಲುವುದಿಲ್ಲ

ಪ್ರಶ್ನೆ:
ನಮಸ್ಕಾರ. ನನ್ನದು 2011ರ ಪೆಟ್ರೋಲ್ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ) ಗೇರ್‌ಬಾಕ್ಸ್. ಒಂದು ತಿಂಗಳಿಂದ ಬೆಳಿಗ್ಗೆ ಡಿ (ಡ್ರೈವ್) ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗಲ್ಲ, ಆಮೇಲೆ ಧಡ್ ಅಂತ ಎಳೆಯುತ್ತದೆ. ಹತ್ತು ನಿಮಿಷ ಓಡಿದ ಮೇಲೆ ಸರಿಯಾಗುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಅಂತಾರೆ. ಮುಂದಿನ ವಾರ ಹಾಸನದಿಂದ ಶಿರಾಡಿ ಇಳಿದು ಮಂಗಳೂರಿಗೆ ಹೋಗಬೇಕು. ಏನು ಮಾಡಲಿ?

ಉತ್ತರ:
ಸರ್, ಈಗಲೇ ಬಿಚ್ಚಿಸಬೇಡಿ. ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಈ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಆಯಿಲ್ ಪ್ರೆಷರ್. ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಪ್ರೆಷರ್ ಏರಲು ತಡವಾಗುತ್ತದೆ. ಬಿಸಿಯಾದಾಗ ಆಯಿಲ್ ಹಿಗ್ಗಿ ಲೆವೆಲ್ ಸ್ವಲ್ಪ ಮೇಲೆ ಬರುತ್ತದೆ, ಆಗ ತೊಂದರೆ ಕಾಣಿಸುವುದಿಲ್ಲ.

ನಿಮ್ಮದರಲ್ಲಿ ಗೇರ್ ಆಯಿಲ್‌ಗೆ ಡಿಪ್‌ಸ್ಟಿಕ್ ಇದೆಯಾ? ಇದ್ದರೆ ಇಪ್ಪತ್ತು ನಿಮಿಷ ಓಡಿಸಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು ಪಿ, ಆರ್, ಎನ್, ಡಿ ಎಲ್ಲಕ್ಕೂ ಒಮ್ಮೆ ಹಾಕಿ ಮತ್ತೆ ಪಿಗೆ ತನ್ನಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಆನ್ ಇರುವಾಗಲೇ ನೋಡಬೇಕು, ಕೆಲವಲ್ಲಿ ಆಫ್ ಮಾಡಿದ ಕೂಡಲೇ. ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ, ಅದರಂತೆಯೇ ಮಾಡಿ. ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡಿ, ಮೂಸಿಯೂ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಗ್ಯಾರೇಜಿನವರ ಮಾತು ನಿಜ ಇರಬಹುದು.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿ, ಲೀಕ್ ಇದ್ದರೆ ಬೆಳಿಗ್ಗೆ ಹನಿ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಡಿಪ್‌ಸ್ಟಿಕ್ ಇದೆ. ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿದೆ. ಬಣ್ಣ ಸ್ವಲ್ಪ ಕಂದು, ಸುಟ್ಟ ವಾಸನೆ ಇಲ್ಲ. ರಟ್ಟಿನ ಮೇಲೆ ರೇಡಿಯೇಟರ್ ಕಡೆ ಕೆಂಪು ಹನಿಗಳಿವೆ.

ಉತ್ತರ:
ಸಿಕ್ಕಿತು ನೋಡಿ! ಕೂಲರ್ ಪೈಪ್ (ಗೇರ್ ಆಯಿಲನ್ನು ತಂಪು ಮಾಡಲು ರೇಡಿಯೇಟರ್ ಕಡೆಗೆ ಒಯ್ಯುವ ಪೈಪು) ಲೀಕ್ ಇರಬೇಕು. ರಬ್ಬರ್ ಪೈಪು, ಕ್ಲಿಪ್ಪು ಎರಡನ್ನೂ ಬದಲಾಯಿಸಿ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಗ್ರೇಡಿನ ಆಯಿಲನ್ನೇ ಸ್ವಲ್ಪ ಸ್ವಲ್ಪ ಹಾಕಿ, ಮತ್ತೆ ಮತ್ತೆ ಲೆವೆಲ್ ನೋಡಿ. ಜಾಸ್ತಿಯಾದರೆ ನೊರೆ ಬಂದು ಇದೇ ತೊಂದರೆ ಮರಳುತ್ತದೆ. ಸಿವಿಟಿ (ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್ ಬೇರೆ, ಅಂಗಡಿಯವರು ಕೊಟ್ಟರೂ ಹಾಕಬೇಡಿ. ಪೂರ್ತಿ ಆಯಿಲ್ ಬದಲಾಯಿಸಬೇಕು ಅಂದರೆ ಒಂದೇ ಸಲಕ್ಕೆ ಆಗಲ್ಲ, ಡ್ರೈನ್ ಬೋಲ್ಟ್ ಬಿಚ್ಚಿದರೂ ಟಾರ್ಕ್ ಕನ್ವರ್ಟರ್ ಒಳಗಿನದು ಅಲ್ಲೇ ಉಳಿಯುತ್ತದೆ.

ಘಾಟಿ ಇಳಿಯುವಾಗ ಡಿಯಲ್ಲೇ ಬಿಡಬೇಡಿ. ಕೆಳ ಗೇರಿಗೆ, ಅಂದರೆ 2 ಅಥವಾ ಎಲ್‌ಗೆ ಹಾಕಿದರೆ ಎಂಜಿನ್ನೇ ವೇಗವನ್ನು ಹಿಡಿದಿಡುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಪೈಪು ಸೀಳಿತ್ತು ಸರ್, ಬದಲಾಯಿಸಿದೆ. ಮುಕ್ಕಾಲು ಲೀಟರ್ ಆಯಿಲ್ ಹಿಡಿಯಿತು. ಮೂರು ದಿನದಿಂದ ಬೆಳಿಗ್ಗೆ ಡಿ ಹಾಕಿದ ಕೂಡಲೇ ಹಿಡಿಯುತ್ತಿದೆ. ಬಿಚ್ಚಿಸಿದ್ದರೆ ಎಷ್ಟು ದುಡ್ಡು ಹೋಗುತ್ತಿತ್ತೋ! ಇವತ್ತಿನ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಶುಕ್ರವಾರ ಹೊರಡುತ್ತಿದ್ದೇವೆ.